ಒಂಬತ್ತು ದಿನ, ಒಂದು ಪ್ರಶ್ನೆ: ಪ್ರಾರ್ಥನೆಯಲ್ಲಿ ದೇವರ ದಾರಿ ಕೇಳುವ ಕ್ರಮ

ಪಿಯುಸಿ ಮುಗಿಸಿದ ಮಕ್ಕಳನ್ನು ಮುಂದಿನ ಕಾಲೇಜಿಗೆ ಸೇರಿಸುವ ಗಡಿಬಿಡಿ, ಮಳೆ ಹಿಡಿಯುವ ಮೊದಲು ಸಸಿ ನೆಡುವ ತಯಾರಿ, ಊರಿಗೆ ರಜೆಯಲ್ಲಿ ಬಂದವರು ತಂದ ಮದುವೆ ಪ್ರಸ್ತಾಪ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ನಾರಾವಿಯ ಮನೆಗಳಲ್ಲಿ ಒಂದರ ಹಿಂದೆ ಒಂದರಂತೆ ತೀರ್ಮಾನಗಳು ಬಂದು ನಿಲ್ಲುತ್ತವೆ. ಎಲೆಚುಕ್ಕಿ ರೋಗ ಹಿಡಿದ ಅಡಿಕೆ ತೋಟವನ್ನು ಇನ್ನೂ ನೋಡಿಕೊಳ್ಳುವುದೋ, ಕಡಿದು ರಬ್ಬರ್ ಹಾಕುವುದೋ? ಮಗಳನ್ನು ಮಂಗಳೂರಿಗೆ ನರ್ಸಿಂಗ್ ಓದಲು ಕಳಿಸುವುದೋ, ಇಲ್ಲೇ ಪದವಿ ಓದಿಸುವುದೋ? ಮಗ ಗಲ್ಫಿಗೆ ಹೊರಟರೆ ತಂದೆತಾಯಿಯ ಗತಿ?

ಗುರುವಾಯನಕೆರೆಯಿಂದ ವೇಣೂರು ದಾಟಿ ಬಜಗೋಳಿ, ಕಾರ್ಕಳದತ್ತ ಹೋಗುವ ದಾರಿಯಲ್ಲಿ, ಕುದುರೆಮುಖ ಬೆಟ್ಟಸಾಲಿನ ಬುಡದಲ್ಲಿರುವ ಬೆಳ್ತಂಗಡಿ ತಾಲೂಕಿನ ಈ ಊರಿನಲ್ಲಿ ಸೂರ್ಯನಾರಾಯಣ ದೇವಸ್ಥಾನವಿದೆ, ಸಂತ ಅಂತೋನಿಯವರ ಹೆಸರಿನ ಚರ್ಚ್ ಮತ್ತು ಶಾಲೆ ಕಾಲೇಜುಗಳಿವೆ. ಇಂಥ ಪ್ರಶ್ನೆ ಎದುರಾದಾಗ ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು, ‘ಪ್ರಾರ್ಥನೆ ಮಾಡಿ ನೋಡುವ’ ಎಂಬುದು. ಮಾತು ಸುಲಭ. ಆದರೆ ಪ್ರಾರ್ಥನೆ ಮಾಡಿ ‘ನೋಡುವುದು’ ಹೇಗೆ ಎಂದು ಕೇಳಿದರೆ ಹಲವರಿಗೆ ಉತ್ತರ ತಡವರಿಸುತ್ತದೆ. ದೇವರು ಕನಸಿನಲ್ಲಿ ಬಂದು ಹೇಳುತ್ತಾರೆಯೇ? ಗುರುತು ತೋರಿಸುತ್ತಾರೆಯೇ? ಏನೂ ಆಗದಿದ್ದರೆ ಅದು ‘ಬೇಡ’ ಎಂದೇ?

ಕ್ರೈಸ್ತ ಪರಂಪರೆಯಲ್ಲಿ ಇದಕ್ಕೊಂದು ಕ್ರಮವಿದೆ. ನೂರಾರು ವರ್ಷಗಳ ಅನುಭವದಿಂದ ಬೆಳೆದುಬಂದದ್ದು ಅದು. ಅದರ ತಿರುಳನ್ನು ಹೀಗೆ ಹೇಳಬಹುದು: ದೇವರ ದಾರಿ ಕೇಳುವುದರಿಂದ ತೀರ್ಮಾನ ಮಾಡುವ ಹೊಣೆ ನಮ್ಮ ಹೆಗಲಿನಿಂದ ಇಳಿಯುವುದಿಲ್ಲ. ಭಯವೋ ಆಸೆಯೋ ಕೈಹಿಡಿದು ಎಳೆಯದ ಹಾಗೆ ಆ ಹೊಣೆಯನ್ನು ಹೊರಲು ನಾವು ಸಿದ್ಧರಾಗುತ್ತೇವೆ.

ಯಾವುದನ್ನು ಕೇಳಬೇಕಿಲ್ಲ

ಮೊದಲು ಪಟ್ಟಿಯಿಂದ ಕೆಲವನ್ನು ತೆಗೆದುಹಾಕಬೇಕು. ಎಲ್ಲ ಪ್ರಶ್ನೆಗೂ ದೇವರ ಚಿತ್ತವನ್ನು ಹುಡುಕಬೇಕಿಲ್ಲ. ಕೆಲವಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ.

ತೋಟದ ಕೆಲಸಕ್ಕೆ ಬಂದವರ ಕೂಲಿಯನ್ನು ಸರಿಯಾಗಿ ಕೊಡಬೇಕೇ? ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕೇ? ಪಾಲು ಪಟ್ಟಿಯಲ್ಲಿ ತಂಗಿಯ ಹಕ್ಕನ್ನು ಮರೆಮಾಚಬಹುದೇ? ಇವಕ್ಕೆ ದಶಾಜ್ಞೆಗಳೂ ಸುವಾರ್ತೆಯೂ ಉತ್ತರ ಕೊಟ್ಟಾಗಿದೆ. ಇಲ್ಲಿ ‘ಪ್ರಾರ್ಥನೆ ಮಾಡಿ ನೋಡುವ’ ಎನ್ನುವುದು ನುಣುಚಿಕೊಳ್ಳುವ ದಾರಿ. ತಾಯಿಯನ್ನು ನೋಡಿಕೊಳ್ಳಬೇಕೇ ಎಂಬುದು ಪ್ರಾರ್ಥನೆಯ ಪ್ರಶ್ನೆ ಅಲ್ಲದಿದ್ದರೂ, ಅದನ್ನು ಹೇಗೆ, ಯಾರ ಮನೆಯಲ್ಲಿ, ಯಾರ ಖರ್ಚಿನಲ್ಲಿ ಎಂಬುದು ಪ್ರಾರ್ಥನೆಯ ಪ್ರಶ್ನೆ ಆಗಬಹುದು.

ಎರಡನೆಯದು, ಮುಗಿದುಹೋದ ವಿಷಯ. ಮದುವೆಯಾದವರು ‘ಈ ಮದುವೆ ದೇವರ ಚಿತ್ತವಾಗಿತ್ತೇ’ ಎಂದು ಹತ್ತು ವರ್ಷದ ನಂತರ ಕೇಳುತ್ತಾ ಕುಳಿತರೆ ಪ್ರಯೋಜನವಿಲ್ಲ. ಈ ಮದುವೆಯೊಳಗೆ ಈಗ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಪ್ರಶ್ನೆಯೇ ಬೇರೆ. ಅಲ್ಲಿ ಮೊದಲು ಸುರಕ್ಷಿತ ಜಾಗ, ಪೊಲೀಸರು, ನಂಬಿಕಸ್ಥರ ನೆರವು. ಪ್ರಾರ್ಥನೆ ಅದರ ಜೊತೆಗೆ ನಡೆಯಬೇಕು, ಅದಕ್ಕೆ ಬದಲಾಗಿ ಅಲ್ಲ.

ಉಳಿಯುವುದು ಎರಡೂ ಒಳ್ಳೆಯದೇ ಆಗಿರುವ, ಅಥವಾ ಎರಡರಲ್ಲೂ ಕೆಡುಕಿಲ್ಲದ ಆಯ್ಕೆಗಳು. ನರ್ಸಿಂಗ್ ಒಳ್ಳೆಯದು, ಬಿ.ಕಾಂ. ಸಹ ಒಳ್ಳೆಯದು. ಊರಲ್ಲಿರುವುದು ಒಳ್ಳೆಯದು, ಹೊರಗೆ ದುಡಿಯುವುದೂ ಒಳ್ಳೆಯದು. ಈ ಕ್ರಮ ಇಂಥವಕ್ಕೆ.

ಈ ಕ್ರಮ ಎಲ್ಲಿಂದ ಬಂತು

ಇದನ್ನು ಹಂತ ಹಂತವಾಗಿ ಬರೆದಿಟ್ಟವರು ಸಂತ ಇಗ್ನೇಷಿಯಸ್ ಲೊಯೋಲಾ. ಅವರು ಸ್ಪೇನಿನ ಸೈನಿಕರಾಗಿದ್ದರು. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಪ್ರೇಮಕಥೆ ಕೇಳಿದರೆ ಮನೆಯಲ್ಲಿ ಇದ್ದದ್ದು ಕ್ರಿಸ್ತಚರಿತೆ ಮತ್ತು ಸಂತರ ಕಥೆಗಳು ಮಾತ್ರ. ಮಲಗಿದಲ್ಲೇ ಅವರು ಒಂದು ಸಂಗತಿ ಗಮನಿಸಿದರು. ಯುದ್ಧ, ಕೀರ್ತಿ, ಯಾವುದೋ ರಾಜಮಹಿಳೆಯ ಮೆಚ್ಚುಗೆ, ಇವನ್ನು ಕಲ್ಪಿಸಿಕೊಳ್ಳುವಾಗ ಸಂತೋಷವಾಗುತ್ತಿತ್ತು, ಆಮೇಲೆ ಮನಸ್ಸು ಒಣಗಿಹೋಗುತ್ತಿತ್ತು. ಸಂತರ ಹಾಗೆ ಬದುಕುವುದನ್ನು ಕಲ್ಪಿಸಿಕೊಂಡಾಗಲೂ ಸಂತೋಷವಾಗುತ್ತಿತ್ತು, ಆದರೆ ಆ ಸಂತೋಷ ಮುಗಿದ ಮೇಲೂ ಉಳಿಯುತ್ತಿತ್ತು. ಎರಡರ ನಡುವಿನ ಈ ವ್ಯತ್ಯಾಸವೇ ಅವರ ಮುಂದಿನ ಬರಹಕ್ಕೆ ಬೀಜವಾಯಿತು. ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕಕ್ಕೆ 1548ರಲ್ಲಿ ಪೋಪ್ ಮೂರನೇ ಪೌಲ್ ಅನುಮೋದನೆ ಕೊಟ್ಟರು.

ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯ ಗುರುಗಳು ಇಟಲಿಯಿಂದ ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. 1880ರಲ್ಲಿ ಅವರು ಸಂತ ಅಲೋಶಿಯಸ್ ಕಾಲೇಜು ತೆರೆದರು. ಕಾಲೇಜಿನ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲಿ ತಲೆ ಎತ್ತಿ ನೋಡಿದರೆ ಕಾಣುವ ಅಲೋಶಿಯಸ್ ಗೊನ್ಜಾಗರ ಬದುಕು ಒಂದು ತೀರ್ಮಾನದ ಕಥೆಯೇ ಹೌದು. ಅರಸು ಮನೆತನದ ಹಿರಿಯ ಮಗ, ತಂದೆಯ ವಿರೋಧದ ನಡುವೆಯೂ 1585ರಲ್ಲಿ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದರು. 1591ರಲ್ಲಿ ರೋಮಿನಲ್ಲಿ ಪಿಡುಗು ಬಂದಾಗ ರೋಗಿಗಳ ಸೇವೆ ಮಾಡುತ್ತ 23ನೇ ವಯಸ್ಸಿಗೆ ತೀರಿಕೊಂಡರು.

ನೊವೆನಾವನ್ನೇ ಚೌಕಟ್ಟು ಮಾಡಿಕೊಳ್ಳುವುದು

ಯೇಸುವಿನ ಸ್ವರ್ಗಾರೋಹಣವಾದ ನಂತರ ಪವಿತ್ರಾತ್ಮ ಇಳಿದು ಬರುವವರೆಗೆ ಶಿಷ್ಯರು ಪ್ರಾರ್ಥನೆಯಲ್ಲಿ ಕಾದ ಒಂಬತ್ತು ದಿನಗಳು ನೊವೆನಾ ಎಂಬ ಒಂಬತ್ತು ದಿನದ ಪ್ರಾರ್ಥನೆಗೆ ಮಾದರಿ. ಸಂತ ಅಂತೋನಿಯವರ ಹಬ್ಬ ಜೂನ್ 13. ಅದಕ್ಕೆ ಮುಂಚಿನ ಒಂಬತ್ತು ದಿನ ಎಂದರೆ ಜೂನ್ 4ರಿಂದ 12. ನಾರಾವಿಯ ಮನೆಗಳು ತೀರ್ಮಾನಗಳ ನಡುವೆ ಸಿಕ್ಕಿಕೊಂಡ ದಿನಗಳೇ ಅವು. ಅಂತೋನಿಯವರಿಗೆ 13 ಮಂಗಳವಾರಗಳ ಭಕ್ತಿಯೂ ಇದೆ. 1231ರಲ್ಲಿ ಅವರ ಸಮಾಧಿ ಮಾಡಿದ್ದು ಮಂಗಳವಾರ ಎಂಬುದು ಅದರ ಹಿನ್ನೆಲೆ.

ಬಹುಮಂದಿ ಒಂಬತ್ತು ದಿನವೂ ಒಂದೇ ಬೇಡಿಕೆ ಇಡುತ್ತಾರೆ: ‘ಇದನ್ನು ನಡೆಸಿಕೊಡಿ.’ ಅದು ತಪ್ಪಲ್ಲ. ಆದರೆ ದಾರಿ ಕೇಳುವವರಿಗೆ ದಿನಕ್ಕೊಂದು ಕೆಲಸವಿರಬೇಕು. ರಾತ್ರಿ ತೆರ್ಸ್ (ಜಪಮಾಲೆ) ಮುಗಿದು, ಮಕ್ಕಳು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಪಡೆದ ಮೇಲೆ, ಟಿವಿ ಹಾಕುವ ಮೊದಲು ಸಿಗುವ ಕಾಲು ಗಂಟೆ ಸಾಕು. ಒಂದು ನೋಟ್‌ಬುಕ್ ಬೇಕು.

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗನಿಗೆ 26 ವರ್ಷ. ಗಲ್ಫಿನಲ್ಲಿ ಕೆಲಸದ ಕರೆ ಬಂದಿದೆ. ಎರಡು ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ಬಿದ್ದಿದೆ. ತಂದೆಗೆ ಮೊಣಕಾಲು ನೋವು. ಹೋಗಬೇಕೋ ಬೇಡವೋ?

*ಮೊದಲ ದಿನ: ಪ್ರಶ್ನೆ ಬರೆಯುವುದು.* ‘ನನ್ನ ಭವಿಷ್ಯ ಏನು’ ಎಂಬುದಕ್ಕೆ ಉತ್ತರ ಬರುವುದಿಲ್ಲ. ‘ಈ ಕಂಪನಿಯ ಎರಡು ವರ್ಷದ ಕರಾರಿಗೆ ಈ ತಿಂಗಳ ಕೊನೆಯೊಳಗೆ ಸಹಿ ಹಾಕಲೇ’ ಎಂಬುದಕ್ಕೆ ಹೌದು, ಅಲ್ಲ ಎಂಬ ಉತ್ತರವಿದೆ. ಮಗ ಹೀಗೆ ಬರೆದಾಗಲೇ ಅರ್ಧ ಗೊಂದಲ ಕರಗಬಹುದು. ಬದುಕಿಡೀ ಹೋಗುವ ಮಾತಲ್ಲ, ಎರಡು ವರ್ಷದ ಮಾತು.

*ಎರಡನೇ ದಿನ: ಮನಸ್ಸು ಯಾವ ಕಡೆ ವಾಲಿದೆ ಎಂದು ಒಪ್ಪಿಕೊಳ್ಳುವುದು.* ‘ನಿಮ್ಮ ಚಿತ್ತ ನೆರವೇರಲಿ’ ಎಂದು ಬಾಯಿ ಹೇಳುತ್ತಿರುವಾಗ ಒಳಗೆ ‘ಹೋಗಲೇಬೇಕು, ಸಾಲ ತೀರಬೇಕು, ಗೆಳೆಯರೆಲ್ಲ ಹೋಗಿದ್ದಾರೆ’ ಎಂಬ ಹಟ ಇರಬಹುದು. ಅಥವಾ ‘ಹೋದರೆ ಒಂಟಿಯಾಗುತ್ತೇನೆ’ ಎಂಬ ಭಯ. ಅದನ್ನು ಮುಚ್ಚಿಡದೆ ಬರೆಯಬೇಕು. ತೂಕಕ್ಕೆ ಏನನ್ನಾದರೂ ಇಡುವ ಮೊದಲು ತಕ್ಕಡಿಯ ಮುಳ್ಳು ನಡುವೆ ನಿಂತಿರಬೇಕು ಎಂದು ಇಗ್ನೇಷಿಯಸ್ ಹೇಳುತ್ತಾರೆ. ಅಡಿಕೆ ಮಾರಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮುಳ್ಳು ನಡುವೆ ಬರದಿದ್ದರೆ, ಅದು ಬರಲಿ ಎಂಬುದೇ ಆ ದಿನದ ಪ್ರಾರ್ಥನೆ. ಈ ಹಂತಕ್ಕೆ ಒಂದು ದಿನ ಸಾಲದೆ ಹೋದರೆ ಮೂರು ದಿನ ತೆಗೆದುಕೊಂಡರೂ ನಷ್ಟವಿಲ್ಲ. ಉಳಿದ ಎಲ್ಲ ಹಂತವೂ ಇದರ ಮೇಲೆ ನಿಂತಿದೆ.

*ಮೂರನೇ ದಿನ: ವಾಕ್ಯ ಓದುವುದು.* ಕೊಂಕಣಿ, ಕನ್ನಡ, ಮಲಯಾಳಂ, ಮನೆಯಲ್ಲಿ ಯಾವ ಬೈಬಲ್ ಇದೆಯೋ ಅದು. ಆ ದಿನದ ಬಲಿಪೂಜೆಗೆ ಗೊತ್ತಾದ ಸುವಾರ್ತೆ ಭಾಗ ಆರಿಸಿದರೆ ನಮಗೆ ಬೇಕಾದ್ದನ್ನೇ ಹೆಕ್ಕುವ ಚಪಲ ತಪ್ಪುತ್ತದೆ. 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗಿಗೊ ನಾಲ್ಕು ಹೆಜ್ಜೆಯ ಕ್ರಮ ಬರೆದಿದ್ದಾರೆ. ನಿಧಾನವಾಗಿ ಓದಬೇಕು. ತಡೆದು ನಿಲ್ಲಿಸಿದ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಬೇಕು. ಅದರ ಬಗ್ಗೆ ದೇವರೊಡನೆ ಮಾತಾಡಬೇಕು. ಕೊನೆಗೆ ಮಾತು ನಿಲ್ಲಿಸಿ ಸುಮ್ಮನೆ ಕೂರಬೇಕು. ವಾಕ್ಯದಲ್ಲಿ ಗಲ್ಫ್ ಎಂಬ ಹೆಸರು ಸಿಗುವುದಿಲ್ಲ. ಹಣ, ಭಯ, ತಂದೆತಾಯಿ, ನೆರೆಯವರು, ಇವುಗಳನ್ನು ಕ್ರಿಸ್ತರು ಹೇಗೆ ನೋಡಿದರು ಎಂಬುದು ಸಿಗುತ್ತದೆ. ತೂಗುವ ಕಲ್ಲು ಯಾವುದು ಎಂದು ಅಲ್ಲಿ ತಿಳಿಯುತ್ತದೆ.

*ನಾಲ್ಕನೇ ದಿನ: ಮಾಹಿತಿ ಸೇರಿಸುವುದು.* ಇದೂ ಪ್ರಾರ್ಥನೆಯ ಭಾಗವೇ. ಬುದ್ಧಿ ಕೊಟ್ಟವರೂ ದೇವರೇ ಎಂಬುದನ್ನು ಭಕ್ತರು ಮರೆಯುವುದು ಇಲ್ಲೇ. ಏಜೆಂಟರಿಗೆ 1983ರ ವಲಸೆ ಕಾಯಿದೆಯ ಪ್ರಕಾರ ಪರವಾನಗಿ ಇದೆಯೇ? ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಸಿಗುತ್ತದೆಯೇ? ಪರವಾನಗಿ ಇರುವ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕಿಂತ ಬಹಳ ಹೆಚ್ಚು ಕೇಳಿದರೆ, ‘ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸಕ್ಕೆ ಬದಲಾಯಿಸುವ’ ಎಂದರೆ, ಒಂಬತ್ತನೇ ದಿನದವರೆಗೆ ಕಾಯಬೇಕಿಲ್ಲ. ಉತ್ತರ ಸಿಕ್ಕಿದೆ. ತೋಟದ ಲೆಕ್ಕವೂ ಇದೇ ದಿನ ಆಗಬೇಕು: ಮದ್ದು ಬಿಡುವ ಖರ್ಚು, ಆಳುಗಳ ಸಂಬಳ, ಈ ಸಲ ಉಳಿಯುವ ಫಸಲು. ನರ್ಸಿಂಗ್ ಸೀಟಿನ ಪ್ರಶ್ನೆಯಾಗಿದ್ದರೆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ವಿಚಾರಿಸುವ ದಿನ ಇದು.

*ಐದನೇ ದಿನ: ಜನರನ್ನು ಕೇಳುವುದು.* ಮೂವರು ಸಾಕು, ಆದರೆ ಮೂರು ಬಗೆಯವರಿರಲಿ. ಆ ಕೆಲಸ ಬಲ್ಲವರು ಒಬ್ಬರು: ಅದೇ ದೇಶದಲ್ಲಿ ದುಡಿದು ಬಂದವರು. ನಮ್ಮನ್ನು ಬಲ್ಲವರು ಒಬ್ಬರು: ತಾಯಿ, ಹೆಂಡತಿ, ಅಕ್ಕ. ಆತ್ಮದ ವಿಷಯ ಬಲ್ಲವರು ಒಬ್ಬರು: ಚರ್ಚಿನ ವಿಗಾರ್ ಗುರುಗಳು, ಧರ್ಮಭಗಿನಿ, ಪ್ರಾರ್ಥನೆಯಲ್ಲಿ ಪಳಗಿದ ವಾಡ್ಯಾದ (ಚರ್ಚಿನ ವಾರ್ಡಿನ) ಹಿರಿಯರು. ನಮ್ಮ ತೀರ್ಮಾನದಿಂದ ಲಾಭ ಪಡೆಯುವವರ ಸಲಹೆಗೆ ಬೆಲೆ ಕಡಿಮೆ. ಏಜೆಂಟರನ್ನು ‘ಹೋಗಲೇ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಗುರುಗಳ ಬಳಿ ಮಾತಾಡಬೇಕಿದ್ದರೆ ಭಾನುವಾರ ಪೂಜೆಯ ಮುಂಚೆ ಕುಮ್ಸಾರಿನ (ಪಾಪನಿವೇದನೆಯ) ಸಾಲಿನಲ್ಲಿ ನಿಂತು ಅಲ್ಲೇ ಬಿಚ್ಚುವುದು ಬೇಡ. ಹಿಂದೆ ಇಪ್ಪತ್ತು ಮಂದಿ ಕಾಯುತ್ತಿರುತ್ತಾರೆ. ಬೇರೆ ಸಮಯ ಕೇಳಿ ಹೋಗಬೇಕು. ಮತ್ತೊಂದು ಮಾತು: ಒಳ್ಳೆಯ ಗುರುಗಳು ‘ಹೋಗು’, ‘ಹೋಗಬೇಡ’ ಎಂದು ಹೇಳುವುದು ಅಪರೂಪ. ಅವರು ಪ್ರಶ್ನೆ ಕೇಳುತ್ತಾರೆ. ಅದರಿಂದ ನಿರಾಶರಾಗಬೇಕಿಲ್ಲ. ಅವರ ಕೆಲಸವೇ ಅದು.

*ಆರನೇ ದಿನ: ನಾಲ್ಕು ಪಟ್ಟಿ.* ಒಂದು ಹಾಳೆಯನ್ನು ನಾಲ್ಕು ಭಾಗ ಮಾಡಿ, ಹೋದರೆ ಒಳ್ಳೆಯದು, ಹೋದರೆ ಕೆಟ್ಟದ್ದು, ಉಳಿದರೆ ಒಳ್ಳೆಯದು, ಉಳಿದರೆ ಕೆಟ್ಟದ್ದು ಎಂದು ಬರೆಯಬೇಕು. ‘ಹೋದರೆ ಒಳ್ಳೆಯದು’ ಮತ್ತು ‘ಉಳಿದರೆ ಕೆಟ್ಟದ್ದು’ ಒಂದೇ ಅಲ್ಲವೇ ಎನಿಸಬಹುದು. ಬರೆದು ನೋಡಿದರೆ ಅಲ್ಲ. ಹೋದರೆ ಸಾಲ ತೀರುತ್ತದೆ ಎಂಬುದು ಒಂದು ಪಟ್ಟಿಯಲ್ಲಿ ಬಂದರೆ, ಉಳಿದರೆ ಸಹಕಾರಿ ಸಂಘದಲ್ಲಿ ಕಂತು ಬದಲಾಯಿಸಿಕೊಳ್ಳಬಹುದು ಎಂಬುದು ಇನ್ನೊಂದರಲ್ಲಿ ಮೂಡುತ್ತದೆ. ಎಷ್ಟು ಸಾಲು ಬಂತು ಎಂದು ಎಣಿಸಬಾರದು. ಯಾವ ಸಾಲಿಗೆ ತೂಕವಿದೆ ಎಂದು ನೋಡಬೇಕು. ಮೂರನೇ ದಿನದ ವಾಕ್ಯದ ಎದುರು ಯಾವುದು ನಿಲ್ಲುತ್ತದೆ ಎಂಬುದೇ ತೂಕ.

*ಏಳನೇ ದಿನ: ಮೂರು ಕಲ್ಪನೆ.* ಪಟ್ಟಿ ಎರಡೂ ಕಡೆ ಸಮನಾಗಿ ನಿಂತರೆ ಇಗ್ನೇಷಿಯಸ್ ಮೂರು ದಾರಿ ಹೇಳುತ್ತಾರೆ. ಪರಿಚಯವಿಲ್ಲದ ಒಬ್ಬ ಇದೇ ಸಮಸ್ಯೆ ಹೊತ್ತು ಬಂದರೆ ಅವನಿಗೆ ಏನು ಹೇಳುತ್ತೇನೆ? ಸಾಯುವ ಹೊತ್ತಿನಲ್ಲಿ ಏನನ್ನು ಆರಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ? ಕೊನೆಯ ನ್ಯಾಯವಿಚಾರಣೆಯಲ್ಲಿ ದೇವರ ಎದುರು ಯಾವ ಆಯ್ಕೆಯೊಂದಿಗೆ ನಿಲ್ಲಲು ಧೈರ್ಯವಿದೆ? ಇನ್ನೊಬ್ಬರ ಸಮಸ್ಯೆಗೆ ಸಲಹೆ ಕೊಡುವಾಗ ನಮ್ಮ ಬುದ್ಧಿ ಎಷ್ಟು ಚುರುಕಾಗುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ?

*ಎಂಟನೇ ದಿನ: ಒಂದು ಉತ್ತರದೊಂದಿಗೆ ಒಂದು ದಿನ ಬದುಕುವುದು.* ಬೆಳಿಗ್ಗೆಯಿಂದ ರಾತ್ರಿವರೆಗೆ ‘ಹೋಗುವುದೆಂದು ತೀರ್ಮಾನಿಸಿಯಾಗಿದೆ’ ಎಂದುಕೊಂಡೇ ಕೆಲಸ ಮಾಡಬೇಕು. ಯಾರಿಗೂ ಹೇಳಬಾರದು. ರಾತ್ರಿ ಮನಸ್ಸಿನ ಸ್ಥಿತಿ ಬರೆಯಬೇಕು. ಸಮಯವಿದ್ದರೆ ಮರುದಿನ ‘ಉಳಿಯುವುದು’ ಎಂಬ ಉತ್ತರದೊಂದಿಗೆ ಹೀಗೆಯೇ.

*ಒಂಬತ್ತನೇ ದಿನ: ತೀರ್ಮಾನ ಮಾಡಿ ಅರ್ಪಿಸುವುದು.* ಬಲಿಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಹೊತ್ತಿನಲ್ಲಿ ತೀರ್ಮಾನವನ್ನೂ ಅರ್ಪಿಸಬಹುದು. ‘ಇದು ನಿಮಗೆ ಒಪ್ಪಿಗೆಯಾದರೆ ಗಟ್ಟಿ ಮಾಡಿ, ಇಲ್ಲವಾದರೆ ತಡೆಯಿರಿ.’ ಇಷ್ಟು ಸಾಕು.

ಮನಸ್ಸಿನ ಏರಿಳಿತವನ್ನು ಗುರುತಿಸುವುದು

ಒಂಬತ್ತೂ ದಿನ ಮಲಗುವ ಮುಂಚೆ ಹತ್ತು ನಿಮಿಷದ ಆತ್ಮಶೋಧನೆ ನಡೆಯಬೇಕು. ಐದು ಹೆಜ್ಜೆ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ನಡೆದದ್ದರ ಅವಲೋಕನ, ತಪ್ಪಿಗೆ ಕ್ಷಮೆ, ನಾಳೆಗೊಂದು ಸಂಕಲ್ಪ. ದೊಡ್ಡ ತೀರ್ಮಾನ ಇಲ್ಲದ ದಿನಗಳಲ್ಲೂ ಇದನ್ನು ಮಾಡುವವರಿಗೆ ದೊಡ್ಡ ತೀರ್ಮಾನ ಬಂದಾಗ ದಾರಿ ಬೇಗ ಕಾಣುತ್ತದೆ, ಏಕೆಂದರೆ ತಮ್ಮ ಮನಸ್ಸಿನ ಚಾಳಿ ಅವರಿಗೆ ಮೊದಲೇ ಗೊತ್ತಿರುತ್ತದೆ.

ಇಲ್ಲಿ ಗಮನಿಸಬೇಕಾದ್ದು ಎರಡು ಸ್ಥಿತಿಗಳನ್ನು. ಮೊದಲನೆಯದು ಸಾಂತ್ವನ: ನಂಬಿಕೆ, ಭರವಸೆ, ಪ್ರೀತಿ ಹೆಚ್ಚಾಗಿ, ಇತರರ ಬಗ್ಗೆ ಮನಸ್ಸು ತೆರೆದುಕೊಳ್ಳುತ್ತದೆ. ಎರಡನೆಯದು ಶುಷ್ಕತೆ: ಕತ್ತಲೆ, ಕಳವಳ, ಪ್ರಾರ್ಥನೆಯೇ ಬೇಡ ಎಂಬ ಭಾವ. ಸಾಂತ್ವನವೆಂದರೆ ಹಾಯಾಗಿರುವುದು ಎಂದು ತಿಳಿದರೆ ಎಡವುತ್ತೇವೆ. ಕಷ್ಟದ ಆಯ್ಕೆಯಲ್ಲೂ ಸಾಂತ್ವನ ಇರಬಹುದು. ಕಣ್ಣಲ್ಲಿ ನೀರಿದ್ದರೂ ಒಳಗೆ ಗಟ್ಟಿ ನೆಲ ಸಿಕ್ಕಿರುತ್ತದೆ. ಹಾಗೆಯೇ, ಕಷ್ಟದಿಂದ ಪಾರಾದೆ ಎಂಬ ನಿರಾಳವೆಲ್ಲ ಸಾಂತ್ವನವಲ್ಲ. ಎರಡು ದಿನ ಕಳೆದ ಮೇಲೂ ಉಳಿಯುತ್ತದೆಯೇ ಎಂಬುದು ಪರೀಕ್ಷೆ. ಲೊಯೋಲಾದ ಹಾಸಿಗೆಯಲ್ಲಿ ಇಗ್ನೇಷಿಯಸ್ ಕಂಡುಕೊಂಡದ್ದು ಅದನ್ನೇ.

ಅವರ ಪ್ರಸಿದ್ಧ ನಿಯಮ: ಶುಷ್ಕತೆಯ ಹೊತ್ತಿನಲ್ಲಿ ಮೊದಲಿನ ತೀರ್ಮಾನವನ್ನು ಬದಲಾಯಿಸಬಾರದು. ಜಗಳವಾದ ರಾತ್ರಿ ಪಾಲು ಕೇಳಬಾರದು. ಬೆಲೆ ಕುಸಿದ ದಿನ ತೋಟ ಮಾರಬಾರದು. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಅದನ್ನು ಆತ್ಮದ ಶುಷ್ಕತೆ ಎಂದು ಸುಮ್ಮನಿರಬಾರದು. ವೈದ್ಯರಿಗೆ ತೋರಿಸಬೇಕು. ಪ್ರಾರ್ಥನೆಯನ್ನೂ ಬಿಡಬೇಕಿಲ್ಲ.

ಚೀಟಿ ಎತ್ತಬಹುದೇ?

ತುಳುನಾಡಿನಲ್ಲಿ ದಾರಿ ಕೇಳುವ ಪದ್ಧತಿಗಳು ಹಲವಿವೆ. ನೆರೆಮನೆಯವರು ದೈವದ ನುಡಿ ಕೇಳುತ್ತಾರೆ, ಪ್ರಶ್ನೆ ಇಡಿಸುತ್ತಾರೆ, ದೇವಸ್ಥಾನದಲ್ಲಿ ಪ್ರಸಾದ ಕೇಳುತ್ತಾರೆ. ಅವರವರ ನಂಬಿಕೆಗೆ ಅವರವರ ಗೌರವವಿದೆ. ಅದೇ ಗಾಳಿಯಲ್ಲಿ ಬೆಳೆದ ಕ್ರೈಸ್ತರಿಗೂ ಅಲ್ತಾರಿನ ಎದುರು ಎರಡು ಚೀಟಿ ಇಟ್ಟು ಒಂದನ್ನು ಎತ್ತಿದರೆ ಆಗದೇ ಎಂದು ತೋರುವುದು ಸಹಜ. ಭವಿಷ್ಯ ತಿಳಿಯುವ ಯತ್ನಗಳನ್ನು ಕಥೋಲಿಕ ಧರ್ಮೋಪದೇಶ ಒಪ್ಪುವುದಿಲ್ಲ. ಭವಿಷ್ಯವನ್ನು ದೇವರ ಕೈಗೆ ಒಪ್ಪಿಸುವುದೇ ಪ್ರಾರ್ಥನೆಯಾಗಿರುವಾಗ, ಅದನ್ನು ಕಸಿದು ನೋಡಲು ಹೊರಡುವುದು ತಿರುಗುಮುರುಗು ಎಂಬುದು ಅದರ ನಿಲುವು.

ಬೈಬಲಿನಲ್ಲೇ ಚೀಟಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಯೂದಾಸನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿಯಿಂದ. ಆದರೆ ಅದು ಪವಿತ್ರಾತ್ಮ ಇಳಿದು ಬರುವ ಮುಂಚಿನ ಸಂಗತಿ. ಆಮೇಲೆ ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕದಲ್ಲಿ ಶಿಷ್ಯರು ಹೀಗೆ ಚೀಟಿ ಹಾಕಿದ್ದು ಕಾಣುವುದಿಲ್ಲ. ಅವರು ಕೂಡಿ ಪ್ರಾರ್ಥಿಸಿ, ಚರ್ಚೆ ಮಾಡಿ, ತೀರ್ಮಾನಿಸುತ್ತಾರೆ. ಮತ್ತೀಯನ ವಿಷಯದಲ್ಲಿ ಚೀಟಿ ಹಾಕಿದ್ದು ಸಹ ಅರ್ಹತೆ ಪರೀಕ್ಷಿಸಿ ಇಬ್ಬರನ್ನು ಮುಂದಿಟ್ಟ ಮೇಲೆ.

ಕಣ್ಣುಮುಚ್ಚಿ ಬೈಬಲ್ ತೆರೆಯುವ ಅಭ್ಯಾಸಕ್ಕೆ ಸಂತ ಅಗಸ್ಟೀನರ ಹೆಸರು ಹೇಳುತ್ತಾರೆ. 386ರಲ್ಲಿ ಮಿಲಾನಿನ ತೋಟದಲ್ಲಿ ಅವರು ಪೌಲರ ಪತ್ರ ತೆರೆದು ಓದಿ ಬದಲಾದದ್ದು ನಿಜ. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ಹುಡುಕಾಟ, ಬಿಷಪ್ ಆಂಬ್ರೋಸರ ಪ್ರವಚನ, ತಾಯಿ ಮೋನಿಕಾರ ಕಣ್ಣೀರು ಇತ್ತು. ಆ ಪುಟ ಅವರಿಗೆ ಗೊತ್ತಿಲ್ಲದ್ದನ್ನು ಹೇಳಲಿಲ್ಲ. ಗೊತ್ತಿದ್ದೂ ಮುಂದೂಡುತ್ತಿದ್ದುದನ್ನು ಹೇಳಿತು.

ಪ್ರೊಟೆಸ್ಟೆಂಟ್ ಮನೆಗಳಲ್ಲೂ ಇದರ ಇತಿಹಾಸವಿದೆ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆ ವರ್ಷದ ಪ್ರತಿ ದಿನಕ್ಕೊಂದು ವಾಕ್ಯವನ್ನು ಚೀಟಿ ಎತ್ತಿ ಆರಿಸಿ ಪುಸ್ತಕವಾಗಿ ಮುದ್ರಿಸತೊಡಗಿದ್ದು 1731ರಲ್ಲಿ. ಇಂದಿಗೂ ಅದು ಬರುತ್ತಿದೆ. ಇಡೀ ಸಭೆ ಒಂದೇ ದಿನ ಒಂದೇ ವಾಕ್ಯ ಧ್ಯಾನಿಸಲೆಂದು ಈ ಏರ್ಪಾಡು, ಒಬ್ಬೊಬ್ಬರ ಭವಿಷ್ಯ ನೋಡಲು ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇನ್ನೊಂದು ಹಾದಿ ಹಿಡಿದರು. ಮಿಷನರಿಯ ಮದುವೆಗೆ ಬಾಸೆಲ್ಲಿನ ಸಮಿತಿಯ ಅಪ್ಪಣೆ ಬೇಕಿತ್ತು. ಪರಿಚಯವೇ ಸರಿಯಾಗಿ ಇಲ್ಲದ ವರನನ್ನು ಮದುವೆಯಾಗಲು ಹಡಗು ಹತ್ತಿ ಬಂದ ಹೆಣ್ಣುಮಕ್ಕಳು ಹಲವರು. ಸಮಿತಿಯ ಪತ್ರವನ್ನೇ ದೇವರ ಕರೆ ಎಂದು ಅವರು ಓದಿಕೊಂಡರು. ಇಂದು ಯಾರೂ ಅದನ್ನು ಅನುಸರಿಸಬೇಕಿಲ್ಲ. ತನ್ನೊಬ್ಬಳ, ತನ್ನೊಬ್ಬನ ಅನಿಸಿಕೆ ಸಾಲದು, ಸಭೆಯ ಮಾತೂ ಬೇಕು ಎಂಬ ಅರಿವು ಮಾತ್ರ ಅದರಲ್ಲಿ ಉಳಿಸಿಕೊಳ್ಳುವಂಥದ್ದು.

ಕೇಳಿದ್ದು ಆಗದಿದ್ದಾಗ

ಕಳೆದ ವಸ್ತು ಹುಡುಕಿಕೊಡುವ ಸಂತರೆಂದು ಅಂತೋನಿಯವರಿಗೆ ಪ್ರಸಿದ್ಧಿ. ಅವರ ಬದುಕನ್ನು ಓದಿದರೆ ಕಾಣುವುದು ಮಾತ್ರ ಹಾಕಿಕೊಂಡ ಯೋಜನೆಗಳೆಲ್ಲ ಒಂದೊಂದಾಗಿ ಕಳೆದುಹೋದ ಮನುಷ್ಯನನ್ನು. 1195ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿದ ಫೆರ್ನಾಂದೊ ಮೊದಲು ಅಗಸ್ಟೀನಿಯನ್ ಮಠ ಸೇರಿದರು. 1220ರಲ್ಲಿ ಮೊರೊಕ್ಕೊದಲ್ಲಿ ಹುತಾತ್ಮರಾದ ಐವರು ಫ್ರಾನ್ಸಿಸ್ಕನರ ಅವಶೇಷ ಪೋರ್ಚುಗಲ್ಲಿಗೆ ಬಂದಾಗ, ತಾನೂ ಹಾಗೆ ಪ್ರಾಣ ಕೊಡಬೇಕೆಂದು ಫ್ರಾನ್ಸಿಸ್ಕನ್ ಆದರು. ಅಂತೋನಿ ಎಂಬ ಹೆಸರು ಆಗ ಬಂತು. ಮೊರೊಕ್ಕೊ ತಲುಪಿದರು, ಕಾಯಿಲೆ ಬಿದ್ದರು. ಊರಿಗೆ ಮರಳಲು ಹಡಗು ಹತ್ತಿದರು, ಬಿರುಗಾಳಿ ಸಿಸಿಲಿಗೆ ತಳ್ಳಿತು. ಅಲ್ಲಿಂದ ಅಸಿಸ್ಸಿ, ಅಲ್ಲಿಂದ ಫೊರ್ಲಿ ಬಳಿಯ ಒಂದು ಮೂಲೆಯ ಆಶ್ರಮ. 1222ರಲ್ಲಿ ಫೊರ್ಲಿಯ ಒಂದು ಗುರುದೀಕ್ಷೆಯ ಸಂದರ್ಭದಲ್ಲಿ ಪ್ರವಚನಕ್ಕೆ ಯಾರೂ ಸಿದ್ಧರಾಗಿರಲಿಲ್ಲ. ನೀನು ಮಾತಾಡು ಎಂದು ಮುಖ್ಯಸ್ಥರು ಹೇಳಿದರು. ಅಂತೋನಿ ಎಂಥ ಬೋಧಕರೆಂದು ಅಂದು ಲೋಕಕ್ಕೆ ಗೊತ್ತಾಯಿತು.

ಇದೇ ಮಾದರಿಯ ಇನ್ನೊಂದು ಬದುಕು ನಮ್ಮ ಕರಾವಳಿಯಲ್ಲೇ ನಡೆದಿದೆ. ಗೋವಾದ ಬೆನವಲಿಯಲ್ಲಿ 1651ರಲ್ಲಿ ಹುಟ್ಟಿದ ಗುರು ಜೋಸೆಫ್ ವಾಜರಿಗೆ ಸಿಲೋನಿಗೆ ಹೋಗುವ ಹಂಬಲ. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿನ ಕಥೋಲಿಕರಿಗೆ ಗುರುಗಳೇ ಇರಲಿಲ್ಲ. ಆದರೆ ಮೇಲಿನವರು 1681ರಲ್ಲಿ ಕಳಿಸಿದ್ದು ಕೆನರಾಕ್ಕೆ. ಮೂರು ವರ್ಷ ಮಂಗಳೂರು ಸೀಮೆಯಲ್ಲಿ ದುಡಿದರು. ಮುಡಿಪುವಿನಲ್ಲಿ ಇಂದು ಅವರ ಹೆಸರಿನ ಪುಣ್ಯಕ್ಷೇತ್ರವಿದೆ. 1687ರಲ್ಲಿ ವೇಷ ಮರೆಸಿಕೊಂಡು ಸಿಲೋನ್ ತಲುಪಿದರು, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಇಬ್ಬರಲ್ಲೂ ಒಂದು ಸಂಗತಿ ಸಮಾನ. ಅಂತೋನಿಯವರಿಗೆ ‘ಇಲ್ಲ’ ಎಂಬ ಉತ್ತರ, ವಾಜರಿಗೆ ‘ಈಗಲ್ಲ’ ಎಂಬ ಉತ್ತರ ಬಂದಾಗ ಇಬ್ಬರೂ ಕೈಗೆ ಸಿಕ್ಕ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡಿದರು. ಕಾಯಿಲೆ, ಬಿರುಗಾಳಿ, ಮೇಲಿನವರ ಆದೇಶ, ಇವೂ ದಾರಿ ತೋರಿಸುವ ಮಾಧ್ಯಮಗಳೇ. ವೀಸಾ ತಿರಸ್ಕಾರವೂ ಹಾಗೆಯೇ ಇರಬಹುದು. ಒಂದು ಅಡ್ಡಿ ಬಂದ ಕೂಡಲೇ ದೇವರ ‘ಬೇಡ’ ಎಂದು ತೀರ್ಪು ಕೊಡುವುದು ಆತುರ. ವಾಜರು ಸಿಲೋನನ್ನು ಮರೆಯಲಿಲ್ಲ, ಕೆನರಾದಲ್ಲಿ ಉದಾಸೀನವಾಗಿ ಕೂರಲೂ ಇಲ್ಲ.

‘ದೇವರೇ ನನಗೆ ಹೇಳಿದರು’

ಈ ಮಾತು ಕೇಳಿದಾಗ ಎಚ್ಚರವಿರಬೇಕು, ಹೇಳುವವರು ನಾವೇ ಆಗಿದ್ದರೆ ಇನ್ನೂ ಹೆಚ್ಚು. ಪ್ರಾರ್ಥನಾಕೂಟದಲ್ಲಿ ಯಾರೋ ತಲೆಯ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ಹಾಗೆಯೇ ನುಂಗಬೇಕಿಲ್ಲ. ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಲು ಪೌಲರು ಥೆಸಲೋನಿಕದವರಿಗೆ ಬರೆದಿದ್ದಾರೆ. ಆತ್ಮವಂಚನೆಯ ಗುರುತುಗಳು ಸಾಮಾನ್ಯವಾಗಿ ಇವು: ‘ಇವತ್ತೇ ಆಗಬೇಕು’ ಎಂಬ ಅವಸರ, ಯಾರಿಗೂ ಹೇಳಬಾರದು ಎಂಬ ಗುಟ್ಟು, ಪ್ರತಿ ಸಲವೂ ನಮ್ಮ ಆಸೆಗೆ ತಕ್ಕ ಉತ್ತರ, ಮತ್ತು ಇನ್ನೊಬ್ಬರ ಬಾಯಿ ಮುಚ್ಚಿಸಲು ದೇವರ ಹೆಸರು.

ಕೊನೆಯದು ಮದುವೆ ವಿಷಯದಲ್ಲಿ ಹೆಚ್ಚು. ಸೈರಿಕ್ (ಮದುವೆ ಪ್ರಸ್ತಾಪ) ಬಂದಾಗ ‘ಇದು ದೆವಾಚಿ ಖುಶಿ (ದೇವರ ಚಿತ್ತ), ಒಪ್ಪಿಕೋ ಮಗಾ’ ಎಂದು ಹಿರಿಯರು ಒತ್ತಾಯಿಸಿದರೆ ಅದು ದಾರಿ ತೋರಿಸುವುದಾಗುವುದಿಲ್ಲ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಬಲವಂತದಿಂದ ಅಥವಾ ಗಂಭೀರ ಭಯದಿಂದ ಕೊಟ್ಟ ಒಪ್ಪಿಗೆಯ ಮೇಲೆ ನಿಂತ ಮದುವೆಗೆ ಸಿಂಧುತ್ವವಿಲ್ಲ. ಹಿರಿಯರು ಪ್ರಾರ್ಥಿಸಬಹುದು, ಹೇಳಬಹುದು. ಒಪ್ಪುವವರು ಹುಡುಗ, ಹುಡುಗಿಯೇ. ಇನ್ನೊಬ್ಬರ ಬದುಕಿನ ತೀರ್ಮಾನಕ್ಕೆ ದೇವರ ಉತ್ತರ ನಮ್ಮ ಕೈಗೆ ಬರುವುದಿಲ್ಲ ಎಂಬುದನ್ನು ತಾಯಿತಂದೆ ನೆನಪಿಟ್ಟರೆ ಸಾಕು.

ತೀರ್ಮಾನದ ನಂತರ

ಒಂಬತ್ತು ದಿನ ಮುಗಿದರೂ ಏನೂ ಸ್ಪಷ್ಟವಾಗದಿದ್ದರೆ? ಗಡುವು ಇಲ್ಲದಿದ್ದರೆ ಕಾಯಬಹುದು. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯವರ ಫಾತಿಮಾ ಧ್ಯಾನಮಂದಿರದಂಥ ಕಡೆ ಕೆಲವು ದಿನ ಮೌನದಲ್ಲಿ ಕಳೆಯಬಹುದು. ಗಡುವು ಇದ್ದರೆ, ಇರುವ ಬೆಳಕಿನಲ್ಲಿ ಹೆಚ್ಚು ಸರಿ ಎನಿಸಿದ್ದನ್ನು ಆರಿಸಿ ಮುಂದೆ ಹೋಗುವುದೇ ವಿಶ್ವಾಸ. ಎರಡೂ ಒಳ್ಳೆಯದಾಗಿರುವ ಆಯ್ಕೆಯಲ್ಲಿ ಒಂದನ್ನು ಹಿಡಿದದ್ದಕ್ಕೆ ದೇವರು ಮುನಿಯುವುದಿಲ್ಲ.

ನಮ್ಮ ಉದಾಹರಣೆಯ ಮಗ ಹೋಗುವುದೆಂದು ತೀರ್ಮಾನಿಸಿದ ಎಂದಿಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದಿಡಬೇಕು: ಏಕೆ ಹೋಗುತ್ತಿದ್ದೇನೆ, ತಂದೆತಾಯಿಗೆ ಮತ್ತು ತೋಟಕ್ಕೆ ಏನು ಏರ್ಪಾಡು, ಯಾವ ತಿಂಗಳಲ್ಲಿ ಮತ್ತೆ ಕುಳಿತು ಯೋಚಿಸುತ್ತೇನೆ. ಮೊದಲ ತಿಂಗಳು ಅಲ್ಲಿ ಅಳು ಬಂದೇ ಬರುತ್ತದೆ. ಆಗ ಆ ಪುಟ ಬೇಕಾಗುತ್ತದೆ. ಕಷ್ಟ ಬಂತು ಎಂದ ಮಾತ್ರಕ್ಕೆ ತೀರ್ಮಾನ ತಪ್ಪಾಗಿತ್ತು ಎಂದಾಗುವುದಿಲ್ಲ. ಸಂಬಳ ಹೇಳಿದಷ್ಟಿಲ್ಲ, ತಂದೆಯ ಆರೋಗ್ಯ ಹದಗೆಟ್ಟಿತು ಎಂಬಂಥ ಹೊಸ ಸಂಗತಿ ಬಂದರೆ ಪ್ರಶ್ನೆಯನ್ನು ಮತ್ತೆ ತೆರೆಯಬಹುದು, ತೆರೆಯಲೇಬೇಕು. ಹಳೆಯ ಭಯವೇ ಮತ್ತೆ ಬಂದಿದ್ದರೆ ಗೊತ್ತುಮಾಡಿಕೊಂಡ ತಿಂಗಳವರೆಗೆ ಅದನ್ನು ಮುಟ್ಟಬಾರದು. ಉಳಿಯುವ ತೀರ್ಮಾನ ಮಾಡಿದ್ದರೂ ನಿಯಮ ಇದೇ, ಬರೆದಿಡಬೇಕಾದ ಮೂರು ವಿಷಯವೂ ಇವೇ.